ಮೇಷ್ಟ್ರಿಗೆ ಹೂಂಗುಟ್ಟಿದ್ದು

ನನ್ನ ಹುದ್ದೆಯ ಹೆಸರು ಹೇಳಿದರೆ ಬಸ್ಸಿನಲ್ಲಿ ಪಕ್ಕ ಕೂತವರು ಮುಂದಕ್ಕೆ ಮಾತು ಬೆಳೆಸುವುದಿಲ್ಲ. ಬೋಧನಾ ತಂತ್ರಜ್ಞಾನ ಬೆಂಬಲ ಸಂಯೋಜಕಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಪದವಿ ಕಾಲೇಜುಗಳ ಅಧ್ಯಾಪಕರು ಹೊಸ ತಂತ್ರಜ್ಞಾನ ಹಿಡಿದು ಹೊಸ ಬಗೆಯಲ್ಲಿ ಪಾಠ ಮಾಡುವಂತೆ ನಾನು ಅವರ ಬೆನ್ನಿಗೆ ನಿಲ್ಲಬೇಕು ಎಂದು ವಿಶ್ವವಿದ್ಯಾಲಯದ ಆದೇಶದಲ್ಲಿದೆ. ಆದೇಶದಲ್ಲಿ ಇಲ್ಲದ್ದು ವಾಹನ. ಹಾಗಾಗಿ ಒಂದು ಹೆಗಲಿಗೆ ಕ್ಯಾಮೆರಾ ಸ್ಟ್ಯಾಂಡು, ಇನ್ನೊಂದಕ್ಕೆ ಊಟದ ಡಬ್ಬಿಯ ಚೀಲ ನೇತುಹಾಕಿಕೊಂಡು ಖಾಸಗಿ ಬಸ್ಸುಗಳಲ್ಲಿ ಅಲೆಯುವುದೇ ನನ್ನ ಬೆಂಬಲ. ಒಮ್ಮೆ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರೊಬ್ಬರು ಸ್ಟ್ಯಾಂಡಿನ ಮೂರು ಕಾಲು ನೋಡಿ ನನ್ನನ್ನು ಸರ್ವೆಯವಳು ಅಂದುಕೊಂಡರು. "ನಮ್ ಬದ ಒತ್ತುವರಿ ಆಗಿ ನಾಕ್ ವರ್ಷ ಆತು ಕಣಮ್ಮ, ಯಾವಾಗ್ ಬತ್ತೀಯ ಅಳತೆಗೆ?" ಎಂದು ಜಗಳಕ್ಕೇ ನಿಂತರು. ನಾನು ಸರ್ವೆಯವಳಲ್ಲ, ಮೇಷ್ಟ್ರುಗಳ ಪಾಠದ ವಿಡಿಯೊ ತೆಗೆಯುವವಳು ಎಂದೆ. "ಅದುಕ್ಕೂ ಆಳಿಟ್ಟವ್ರಾ?" ಎಂದು ಅವರ ಸಿಟ್ಟು ಇನ್ನಷ್ಟು ಏರಿತು.

ಆ ವರ್ಷ ವಿಶ್ವವಿದ್ಯಾಲಯ ಒಂದು ಹೊಸ ನಿಯಮ ಮಾಡಿತ್ತು. ಅತಿಥಿ ಉಪನ್ಯಾಸಕರು ಒಬ್ಬೊಬ್ಬರೂ ಇಪ್ಪತ್ತು ನಿಮಿಷದ ಎಂಟು ವಿಡಿಯೊ ಪಾಠ ಮಾಡಿ ಪೋರ್ಟಲ್‌ಗೆ ಹಾಕಬೇಕು. ಎಂಟೂ ಸ್ವೀಕೃತವಾದರೆ ಮಾತ್ರ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು. ಏಳು ಮಾಡಿದವರೂ ಒಂದೂ ಮಾಡದವರೂ ಒಂದೇ. ವಿಡಿಯೊ ನೋಡಿ ತೀರ್ಮಾನ ಮಾಡುವುದು ಮನುಷ್ಯರಲ್ಲ, ಒಂದು ಸಾಫ್ಟ್‌ವೇರ್. ಮುಖ ಚೌಕಟ್ಟಿನೊಳಗೆ ಇದೆಯೇ, ಬೆಳಕು ಸಾಕೇ, ಒಂದೇ ಧ್ವನಿ ಕೇಳುತ್ತದೆಯೇ, ಇಷ್ಟನ್ನೇ ಅದು ನೋಡುತ್ತದೆ. ಪಾಠ ಸರಿಯೇ ತಪ್ಪೇ ಎಂಬ ತಲೆನೋವು ಅದಕ್ಕಿಲ್ಲ.

ಮಧುಗಿರಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಹದಿನೇಳು ವರ್ಷದಿಂದ ಅತಿಥಿ ಉಪನ್ಯಾಸಕರು. ಹದಿನೇಳು ವರ್ಷ ಉಳಿದವರನ್ನು ಇನ್ನೂ ಅತಿಥಿ ಎಂದು ಕರೆಯುವುದು ಈ ಇಲಾಖೆಯಲ್ಲಿ ಮಾತ್ರ. ಶಿರಾ ತಾಲ್ಲೂಕಿನ ತಾವರೆಕೆರೆ ಕಡೆಯ ಕುರಿ ಕಾಯುವ ಮನೆತನ. ಅಣ್ಣ ಈಗಲೂ ಮಂದೆ ಇಟ್ಟುಕೊಂಡಿದ್ದಾರೆ, ತಮ್ಮ ಎಂ.ಎ. ಮಾಡಿ ಹೀಗೆ ಅತಿಥಿಯಾದರು. ದೊಡ್ಡ ಮಗಳು ಬಿ.ಎಡ್.ಗೆ ಸೇರಿದ ವರ್ಷ ಅದು. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಮೇಷ್ಟ್ರಿಗೆ ಆ ವಯಸ್ಸಿನಲ್ಲಿ ಬೇರೆ ದಾರಿ ಇರಲಿಲ್ಲ.

ಅವರ ತರಗತಿಯನ್ನು ನಾನು ಮೊದಲ ಸಲ ಬಾಗಿಲಲ್ಲಿ ನಿಂತು ಕೇಳಿದೆ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹೆಸರು ಕೇಳಿದರೇ ಹಸಿವು ಸತ್ತುಹೋಗುವ ಆ ನಿಯಮವನ್ನು ಅವರು ಮುದ್ದೆಯಲ್ಲಿ ಹೇಳುತ್ತಿದ್ದರು.

"ಒಬ್ಬ ಹೊಲ ಉತ್ತು ಬಂದ. ಹೊಟ್ಟೆ ಚುರುಗುಟ್ತಾ ಐತೆ."

"ಹೂಂ" ಎಂದಿತು ಮೊದಲ ಬೆಂಚು.

"ಮೊದಲ್ನೇ ಮುದ್ದೆ ಇಕ್ಕಿದ್ರು. ಅಮೃತ."

"ಹೂಂ."

"ಎರಡ್ನೇದು ಇಕ್ಕಿದ್ರು. ಚೆನ್ನಾಗೈತೆ, ಆದ್ರೆ ಅಮೃತ ಅಲ್ಲ."

"ಹೂಂ."

"ಮೂರ್ನೇದಕ್ಕೆ ಕೈ ಅಡ್ಡ ಹಿಡ್ದ. ನಾಕ್ನೇದು ಇಕ್ಕೋಕ್ ಬಂದ್ರೆ ಎದ್ದು ಓಡ್ದ. ಯಾಕ್ ಓಡ್ದ?"

ತರಗತಿಗೆ ತರಗತಿಯೇ ಉತ್ತರ ಕೂಗಿತು. ಅವರು ವಾಕ್ಯ ಮುಗಿಸಿದಾಗೆಲ್ಲ ಹೂಂಗುಟ್ಟುವ ಪಾಳಿ ಬೆಂಚಿನಿಂದ ಬೆಂಚಿಗೆ ಸಾಗುತ್ತಿತ್ತು. ಹಾಗಾಗಿ ಆ ತರಗತಿಯಲ್ಲಿ ನಿದ್ದೆ ಮಾಡಲು ಯಾರಿಗೂ ಬಿಡುವಿರಲಿಲ್ಲ. ಇವರ ವಿಡಿಯೊ ಎಂಟೇನು, ಎಂಬತ್ತಾದರೂ ಒಂದೇ ವಾರದಲ್ಲಿ ತೆಗೆದುಬಿಡಬಹುದು ಎಂದು ನಾನು ಲೆಕ್ಕ ಹಾಕಿದೆ.

ಕಬಡ್ಡಿ ಮ್ಯಾಟ್ ಪೇರಿಸಿಟ್ಟ ಕೋಣೆಯನ್ನು ಪ್ರಿನ್ಸಿಪಾಲರು ಸ್ಟುಡಿಯೊ ಎಂದು ಘೋಷಿಸಿದ್ದರು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂತರು. ನಾನು ಗುಂಡಿ ಒತ್ತಿದೆ.

"ಒಬ್ಬ ಹೊಲ ಉತ್ತು ಬಂದ" ಎಂದರು. ಕ್ಯಾಮೆರಾ ನೋಡಿದರು. ಕಾದರು. "ಹೊಟ್ಟೆ ಚುರುಗುಟ್ತಾ ಐತೆ" ಎಂದರು. ಮತ್ತೆ ಕಾದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ, "ಒಬ್ಬ ಹೊಲ ಉತ್ತು ಬಂದ" ಎಂದರು. ಆ ದಿನ ಆ ಮನುಷ್ಯ ಏಳೆಂಟು ಸಲ ಹೊಲ ಉತ್ತು ಬಂದ, ಮುದ್ದೆ ಮಾತ್ರ ಅವನ ತಟ್ಟೆಗೆ ಬೀಳಲೇ ಇಲ್ಲ.

"ಏನಾಯ್ತು ಮೇಷ್ಟ್ರೇ?"

"ಇದು ಏನೂ ಅನ್ನಲ್ವಲ್ಲ ಮೇಡಂ."

"ಕ್ಯಾಮೆರಾ ಏನನ್ನಬೇಕು?"

"ಹೂಂ ಅನ್ನಬೇಕು. ಹೂಂ ಅನ್ನೋರಿಲ್ದೆ ಹೆಂಗ್ ಹೇಳೋದು?"

ಕತೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಇದು ನನಗೇನು ಹೊಸದಲ್ಲ, ನಾನೂ ಅಜ್ಜಿಯ ಕತೆಗೆ ಹೂಂಗುಟ್ಟಿಯೇ ಬೆಳೆದವಳು. ಆದರೆ ಅರ್ಥಶಾಸ್ತ್ರಕ್ಕೂ ಹೂಂಗುಟ್ಟಬೇಕಾದೀತು ಎಂದು ನನ್ನ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಲ ಮೇಷ್ಟ್ರುಗಳೂ ಒಬ್ಬರೇ ಮಾತಾಡಿಕೊಳ್ಳುವುದಿಲ್ಲವೇ, ನಿಮಗೇನು ದೊಡ್ಡ ರೋಗ ಎಂದು ರೇಗಿದೆ. ಅವರು ತಲೆ ತಗ್ಗಿಸಿ ಮೈಕಿನ ಕ್ಲಿಪ್ಪನ್ನು ತೆಗೆದು ಮತ್ತೆ ಹಾಕಿ ಮಾಡುತ್ತಿದ್ದರು. ಪಾಪ ಅನ್ನಿಸಿತು.

ಮರುದಿನ ಹಿಂದಿನ ವರ್ಷದ ತರಗತಿಯ ಗುಂಪು ಫೋಟೊವನ್ನು ಕ್ಯಾಮೆರಾ ಕೆಳಗೆ ಅಂಟಿಸಿದೆ. ಮಕ್ಕಳ ಮುಖ ಕಂಡರೆ ಮಾತು ಬಂದೀತು ಎಂಬ ಆಸೆ. ಮೇಷ್ಟ್ರು ಫೋಟೊವನ್ನು ದಿಟ್ಟಿಸಿ, ಎರಡನೇ ಸಾಲಿನ ಮೂಲೆಯವನು ಪರೀಕ್ಷೆಗೇ ಬರಲಿಲ್ಲ ಎಂದು ನೆನೆಸಿಕೊಂಡು ಬೇಸರಪಟ್ಟರು. ಪಾಠ ಅಲ್ಲಿಗೇ ನಿಂತಿತು. ಕೊನೆಗೆ ನಾನೇ ಕ್ಯಾಮೆರಾ ಹಿಂದೆ ನಿಂತು ಹೂಂಗುಟ್ಟಿದೆ. ಏನು ಹೇಳಲಿ! ಮುದ್ದೆ ಬಿತ್ತು, ಸಾರು ಬಿತ್ತು, ಇಪ್ಪತ್ತು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಪೋರ್ಟಲ್ ಮಾತ್ರ ಕೆಂಪಕ್ಷರದಲ್ಲಿ ಹೇಳಿತು: ಇನ್ನೊಬ್ಬರ ಧ್ವನಿ ಪತ್ತೆಯಾಗಿದೆ, ತಿರಸ್ಕೃತ.

ಬಾಯಿ ಮುಚ್ಚಿ ತಲೆಯಾಡಿಸಿ ನೋಡಿದೆ. ಕಣ್ಣಿಗೆ ಕಂಡದ್ದು ಕಿವಿಗೆ ಬೀಳಲ್ಲ ಮೇಡಂ ಅಂದರು. ಆಮೇಲೆ ನಾನು ಬುದ್ಧಿ ಓಡಿಸಿ ನನ್ನ ಹೂಂಕಾರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹತ್ತು ಸೆಕೆಂಡಿಗೊಮ್ಮೆ ಕಿವಿಯ ಇಯರ್‌ಫೋನಿನಲ್ಲಿ ಕೇಳುವಂತೆ ಮಾಡಿಕೊಟ್ಟೆ. ಮೇಷ್ಟ್ರು ಎರಡು ನಿಮಿಷ ಪಾಠ ಮಾಡಿದರು. ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿಕೊಂಡು, "ಬೆಲೆ ಏರ್ದಂಗೆಲ್ಲ ಜನ ಮುಗಿಬಿದ್ದು ಜಾಸ್ತಿ ಕೊಂಡ್ಕಂಡ್ರು" ಎಂದು ಪಾಠಕ್ಕೆ ಪೂರಾ ತಲೆಕೆಳಗಾದ ಮಾತು ಹೇಳಿ ಕಿವಿಗೊಟ್ಟು ಕೂತರು. ಮರುಗಳಿಗೆ ಇಯರ್‌ಫೋನ್ ಕಿತ್ತು ಮ್ಯಾಟಿನ ಮೇಲೆ ಎಸೆದರು.

"ಕೇಳಿಸ್ಕಳ್ದೆ ಹೂಂ ಅಂತೈತೆ ಮೇಡಂ ಇದು! ಸುಳ್ ಹೇಳಿದ್ರೂ ಹೂಂ! ಇಂಥದ್ರ ಮುಂದೆ ನಾನು ಪಾಠ ಮಾಡಾಕಿಲ್ಲ."

ಹದಿನೇಳು ವರ್ಷದಲ್ಲಿ ಅವರು ಸಿಟ್ಟಾದದ್ದನ್ನು ಕಾಲೇಜು ನೋಡಿದ್ದು ಅದೇ ಮೊದಲಂತೆ. ಅಟೆಂಡರ್ ಕಿಟಕಿಯಲ್ಲಿ ಇಣುಕಿ ಹೋದ.

ಹೀಗಾಗಿ ಉಳಿದದ್ದು ಒಂದೇ ದಾರಿ. ಒಂದು ಫೋನು ವಿಡಿಯೊ ತೆಗೆಯುತ್ತಿರಬೇಕು, ಮೇಷ್ಟ್ರ ಜೇಬಿನ ಇನ್ನೊಂದು ಫೋನಿಗೆ ನಾನು ಕರೆ ಮಾಡಿ, ಎಲ್ಲಿದ್ದರೆ ಅಲ್ಲಿಂದ ನಿಜವಾಗಿಯೂ ಪಾಠ ಕೇಳುತ್ತ ಹೂಂಗುಟ್ಟಬೇಕು. ಹೂಂ ಇಯರ್‌ಫೋನಿನಲ್ಲಿ ಅವರ ಕಿವಿಗೆ ಮಾತ್ರ ಬೀಳಬೇಕು. ಮೊದಲ ವಿಡಿಯೊ ಹಸಿರಕ್ಷರದಲ್ಲಿ ಸ್ವೀಕೃತವಾಯಿತು. ನನ್ನ ತಿಂಗಳ ವರದಿಯಲ್ಲಿ ನಾವೀನ್ಯ ಎಂಬ ಕಲಮಿನ ಕೆಳಗೆ 'ದೂರವಾಣಿ ಆಧಾರಿತ ನೈಜಕಾಲಿಕ ಶ್ರವಣ ಪ್ರತಿಸ್ಪಂದನ ವ್ಯವಸ್ಥೆ' ಎಂದು ಬರೆದೆ. ವಿಶ್ವವಿದ್ಯಾಲಯಕ್ಕೆ ಖುಷಿಯೋ ಖುಷಿ. ಉಳಿದ ತಾಲ್ಲೂಕುಗಳಿಗೂ ವಿಸ್ತರಿಸಿ ಎಂದು ಉತ್ತರ ಬಂತು.

ವಿಸ್ತರಿಸಿದೆ. ಪಾವಗಡದ ಸಸ್ಯಶಾಸ್ತ್ರದ ಮೇಡಂಗೆ ತೆಲುಗಿನವರ ಹಾಗೆ ಮೂಗಿನಲ್ಲಿ ಎಳೆದ 'ಊಁ' ಬೇಕು, ನನ್ನ ಹೂಂ ಒರಟಂತೆ. ಶಿರಾದ ವಾಣಿಜ್ಯದ ಮೇಷ್ಟ್ರಿಗೆ 'ಅಚ್ಛಾ' ಅಂದರೇ ಲಾಭ ನಷ್ಟ ಬಾಯಿಗೆ ಬರುತ್ತದೆ. ನಾನು ಪಿಎಚ್.ಡಿ. ಮಾಡಿದ್ದು ಬೋಧನಾ ವಿನ್ಯಾಸದಲ್ಲಿ. ಈಗ ದಿನಚರಿಯಲ್ಲಿ ಸೋಮವಾರ ಹತ್ತಕ್ಕೆ ಅಚ್ಛಾ, ಹನ್ನೆರಡಕ್ಕೆ ಊಁ, ಮೂರಕ್ಕೆ ಹೂಂ ಎಂದು ಬರೆದುಕೊಂಡು ಓಡಾಡತೊಡಗಿದೆ. ಅರ್ಥಶಾಸ್ತ್ರದ ಮೇಷ್ಟ್ರಂತೂ ನನ್ನನ್ನೇ ತಿದ್ದುತ್ತಿದ್ದರು. "ಅಲ್ಲೊಂದು ಅನುಮಾನದ ಹೂಂ ಹಾಕ್ಬೇಕಿತ್ತು ಮೇಡಂ. ಎಲ್ಲಾನೂ ಒಪ್ಕಂಡ್ಬುಟ್ರೆ ನಾನ್ ಬಿಡಿಸಿ ಹೇಳೋದ್ ಏನ್ನ?" ಮುಂದಿನ ಸಲ ಅನುಮಾನದ್ದು ಹಾಕಿದೆ. ಅದಕ್ಕೆ ಅವರು ಕೊಟ್ಟ ವಿವರಣೆ ಕೇಳಿ, ನಾನು ಕಾಲೇಜಿನಲ್ಲಿ ಓದುವಾಗ ಅರ್ಥವಾಗದೆ ಬಾಯಿಪಾಠ ಹೊಡೆದಿದ್ದ ಸಂಗತಿ ಶಿರಾ ಬಸ್ಸಿನ ಕಿಟಕಿ ಪಕ್ಕ ಕೂತಲ್ಲೇ ಅರ್ಥವಾಯಿತು.

ಅದೇ ಬಸ್ಸಿನಲ್ಲಿ ನನ್ನ ಪಕ್ಕದ ಅಜ್ಜಿ ಇಪ್ಪತ್ತು ನಿಮಿಷವೂ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಫೋನ್ ಇಟ್ಟಮೇಲೆ ಕೇಳಿದಳು, "ಯಾರವ್ವಾ, ಗಂಡನಾ?"

"ಅಲ್ಲಜ್ಜಿ, ಅರ್ಥಶಾಸ್ತ್ರ."

"ಯಾರೋ ಒಬ್ರು. ಒಂದ್ ಮಾತು ತಿರುಗಿ ಆಡಾಕ್ ಬಿಡ್ಲಿಲ್ವಲ್ಲ ನಿನ್ನ" ಎಂದು ಮರುಗಿ, ಸೆರಗಿನ ಗಂಟಿನಿಂದ ಒಂದು ಹಿಡಿ ಹುರಿಗಡಲೆ ಕೊಟ್ಟಳು.

ಏಳು ವಿಡಿಯೊ ಸ್ವೀಕೃತವಾದವು. ಎಂಟನೆಯದು ಅವಕಾಶ ವೆಚ್ಚ ಎಂಬ ಪಾಠ. ಅದು ಚೆನ್ನಾಗಿಯೇ ಬಂದಿತ್ತು. ಆದರೆ ಕೊನೆಯ ದಿನದ ಹಿಂದಿನ ಸಂಜೆ ತಿರಸ್ಕೃತ ಎಂದು ಬಂತು. ಇನ್ನೊಬ್ಬರ ಧ್ವನಿ ಪತ್ತೆಯಾಗಿದೆಯಂತೆ. ಇಬ್ಬರೂ ಕೂತು ಕೇಳಿ ನೋಡಿದೆವು. ಹನ್ನೊಂದನೇ ನಿಮಿಷದಲ್ಲಿ ಹಿಂದಿನ ಬೇಲಿಯಲ್ಲಿ ನವಿಲು ಕೂಗಿತ್ತು. ನವಿಲನ್ನು ಇನ್ನೊಬ್ಬರು ಎಂದು ಗೌರವಿಸಿದ ಆ ಸಾಫ್ಟ್‌ವೇರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಪೋರ್ಟಲ್ ಮುಚ್ಚುವುದು ಮರುದಿನ ಸಂಜೆ ಐದಕ್ಕೆ. ಬೆಳಿಗ್ಗೆ ನಮ್ಮ ಸ್ಟುಡಿಯೊ ಕೋಣೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ಕಟ್ಟುಗಳನ್ನು ಇಳಿಸುತ್ತಿದ್ದರು. ಮೂರು ಗಂಟೆಗೆ ಖಾಲಿಯಾಗುತ್ತದೆ ಎಂದರು. ನನಗೋ ಪಾವಗಡದ ಮೇಡಂ ಹತ್ತಿರ ಹೋಗಲೇಬೇಕಿತ್ತು, ಅವರದ್ದೂ ಒಂದು ಬಾಕಿ, ಕ್ಯಾಮೆರಾ ಹೊಂದಿಸಲು ಅವರಿಗೆ ಬರುತ್ತಿರಲಿಲ್ಲ. ಬೇರೆ ಯಾರನ್ನಾದರೂ ಹೂಂಗುಟ್ಟಲು ಇಟ್ಟುಕೊಳ್ಳಿ ಮೇಷ್ಟ್ರೇ ಅಂದೆ. "ಏಳೂ ನಿಮ್ ಹೂಂ ಮ್ಯಾಲೇ ಪಾಸಾಗವೆ, ಎಂಟ್ನೇದಕ್ಕೆ ಆಳ್ ಬದಲಾಯಿಸಾಕಿಲ್ಲ" ಎಂದರು. ಸುಳ್ಳೇಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ಬಸ್ಸಿನಿಂದಲೇ ಹೂಂಗುಟ್ಟುತ್ತೇನೆ ಎಂದು ಮಾತು ಕೊಟ್ಟು ಹೊರಟೆ.

ಮೂರು ಗಂಟೆಗೆ ಸರಿಯಾಗಿ ಪಾಠ ಶುರುವಾಯಿತು. ಒಬ್ಬನ ಹತ್ತಿರ ಒಂದೇ ಹೊಲ, ರಾಗಿ ಬಿತ್ತಬೇಕೋ ಕಡಲೆಕಾಯಿ ಹಾಕಬೇಕೋ ಎಂಬ ಯೋಚನೆಯಲ್ಲಿ ಬದುವಿನ ಮೇಲೆ ಕೂತಿದ್ದ. ನಾನು ಹೂಂ ಹೂಂ ಎನ್ನುತ್ತಿದ್ದೆ. ಬಸ್ಸು ಮಿಡಿಗೇಶಿ ದಾಟಿ ಸ್ವಲ್ಪ ದೂರ ಬಂದಿತ್ತು. ರಾಗಿ ಬಿತ್ತಿದ ಅಂತಿಟ್ಕಳಿ, ಅಂದರು. ನಾನು "ಹೂ" ಅನ್ನುವಷ್ಟರಲ್ಲಿ ನನ್ನ ಸೀಟಿನ ಕೆಳಗಿನ ಟೈರು ಡಂ ಎಂದು ಸಿಡಿಯಿತು. ಬಸ್ಸು ಓಲಾಡಿತು. ಹಿಂದೆ ಯಾರೋ "ಅಯ್ಯಯ್ಯೋ, ಸತ್ವಲ್ಲಪ್ಪೋ!" ಎಂದು ಕಿರುಚಿದರು. ಫೋನು ಕೈಜಾರಿ ಕಬ್ಬಿಣದ ಮೆಟ್ಟಿಲಿಗೆ ಬಡಿದು, ಪರದೆ ಕಪ್ಪಾಗಿ, ಮತ್ತೆ ಬೆಳಗಲಿಲ್ಲ.

ಒಬ್ಬರಿಗೂ ಏನೂ ಆಗಲಿಲ್ಲ. ಸ್ಟೆಪ್ನಿಯೂ ಪಂಚರಾಗಿದೆ ಎಂದು ಡ್ರೈವರು ಬಹಳ ಸಮಾಧಾನದಿಂದ ತಿಳಿಸಿದರು. ಎಲ್ಲರೂ ಇಳಿದು ಹುಣಸೆ ಮರದ ಕೆಳಗೆ ಕೂತೆವು. ಕಂಡಕ್ಟರ್ ಫೋನು ಕೇಳಿದೆ, ಕೊಟ್ಟರು. ಅಲ್ಲಿ ಸಿಗ್ನಲ್ ಇರಲಿಲ್ಲ, ಇದ್ದಿದ್ದರೂ ಮೇಷ್ಟ್ರ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ. ಇನ್ನು ಐದೇ ನಿಮಿಷದ ಪಾಠ, ಹೇಗೋ ಮುಗಿಸಿಕೊಂಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನತೊಡಗಿದೆ.

ನಾಲ್ಕು ದಾಟಿದ ಮೇಲೆ ಮಧುಗಿರಿ ಕಡೆಯಿಂದ ಕಾಲೇಜಿನ ಅಟೆಂಡರನ ಮೊಪೆಡ್ಡು ಬಂತು. ಮೇಲೆ ಕೂತವರು ಮೇಷ್ಟ್ರು. ಅಂಗಿಗೆ ಮೈಕಿನ ಕ್ಲಿಪ್ಪು ಹಾಗೇ ಇತ್ತು, ಅದರ ವೈರು ಗಾಳಿಗೆ ಹಾರಾಡುತ್ತಿತ್ತು. ಗಾಡಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಅದನ್ನು ಬೀಳಲು ಬಿಟ್ಟು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಬಾಯಿ ತುಂಬ ಚಿತ್ರಾನ್ನ.

"ಏನ್ರೀ ಮೇಷ್ಟ್ರೇ, ಪಾಠ ಬಿಟ್ಟು ಇಲ್ಲೇನ್ ಮಾಡ್ತಿದೀರಿ!" ಎಂದು ಅದನ್ನು ನುಂಗುವ ಮೊದಲೇ ಕೂಗಾಡಿದೆ.

"ಹೂಂ ನಿಂತೋಯ್ತಲ್ಲ ಮೇಡಂ."

"ನಿಂತರೆ? ಇನ್ನು ಐದು ನಿಮಿಷ ನೀವೇ ಎಳೆದುಕೊಂಡು ಹೋಗಬಾರದಿತ್ತೇ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನಾವು ಮಂದೆ ಹೊಡ್ಕಂಡ್ ಹೋಗೋವಾಗ ಒಬ್ಬ ಮುಂದೆ, ಒಬ್ಬ ಹಿಂದೆ" ಎಂದರು. "ಮುಂದಿನವ್ನು ಕತೆ ಹೇಳ್ತಾ ಹೋಗ್ಬೇಕು, ಹಿಂದಿನವ್ನು ಹೂಂ ಅಂತಾ ಬರ್ಬೇಕು. ಹೂಂ ಕೇಳ್ತೈತೆ ಅಂದ್ರೆ ಹಿಂದಿನವ್ನೂ ಅವ್ನೆ, ಮಂದೇನೂ ಐತೆ. ಹೂಂ ನಿಂತ್ರೆ ಕತೆ ಅಲ್ಲೇ ಬುಟ್ಟು ಹಿಂದಕ್ಕೆ ಓಡ್ಬೇಕು. ನಮ್ಮಪ್ಪ ಹೇಳ್ಕೊಟ್ಟಿದ್ದೇ ಅಂಗೆ. ಡಂ ಅಂತು, ಯಾರೋ ಕಿರುಚ್ಕಂಡ್ರು, ನೀವು ಇಲ್ಲ. ನಾನ್ ಹೆಂಗ್ ಮೇಡಂ ರಾಗಿ ಕಡ್ಲೆಕಾಯಿ ಅಂತ ಕೂತ್ಕಳ್ಳಿ? ಬಂದ್ಬುಟ್ಟೆ."

ಸುತ್ತ ಕೂತಿದ್ದ ಪ್ರಯಾಣಿಕರೆಲ್ಲ ಅದಕ್ಕೆ ತಲೆದೂಗಿದರು. ನಾನು ಡಬ್ಬಿ ಮುಚ್ಚಿದೆ.

ಐದರೊಳಗೆ ಕಾಲೇಜು ಮುಟ್ಟಲೆಂದು ಹಿಂದಿನ ಸೀಟಿನಲ್ಲಿ ನಾನು ಕೂತೊಡನೆ ಮೊಪೆಡ್ಡಿನ ವೇಗ ಇಳಿಯಿತು. ಏರಿನಲ್ಲಿ ನಾನು ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಓಡಿ ಹತ್ತಬೇಕು. ಬೈದರೆ ಗಾಡಿ ಬೇಗ ಹೋದೀತು ಎಂಬಂತೆ ನಾನು ದಾರಿಯುದ್ದಕ್ಕೂ ಅವರನ್ನು ಬೈದೆ. ಹದಿನೇಳು ವರ್ಷದ ಕೆಲಸ, ಮಗಳ ಓದು, ಬುದ್ಧಿ ಬೇಡವೇ ನಿಮಗೆ ಎಂದೆಲ್ಲ ಅಂದೆ. ಅವರು, ಪಾಠದ ಎಳೆ ತಪ್ಪಿಹೋಗುತ್ತದೆ, ಉಳಿದದ್ದನ್ನು ಒಂದು ಸಲ ಹೇಳಿಕೊಂಡುಬಿಡುತ್ತೇನೆ ಎಂದು ರಸ್ತೆ ನೋಡುತ್ತಲೇ ಶುರುಮಾಡಿದರು. ಒಂದೇ ಹೊಲದಲ್ಲಿ ರಾಗಿ ಬಿತ್ತಿದವನು ಕಡಲೆಕಾಯಿ ಬಿಟ್ಟ, ಆ ಬಿಟ್ಟ ಕಡಲೆಕಾಯಿಯೇ ಅವನ ರಾಗಿಯ ನಿಜವಾದ ಬೆಲೆ. ಯಾವ ಕ್ಯಾಮೆರಾವೂ ಇಲ್ಲದ ಆ ಪಾಠಕ್ಕೆ ನಾನು ಹಲ್ಲು ಕಚ್ಚಿಕೊಂಡು ಹೂಂಗುಟ್ಟಿದೆ. ಅಷ್ಟು ಚೆನ್ನಾಗಿ ಅವರು ಆ ಏಳರಲ್ಲೂ ಹೇಳಿರಲಿಲ್ಲ.

ಕಾಲೇಜು ಮುಟ್ಟಿದಾಗ ಐದೂ ಹತ್ತು. ಕೋಣೆಯಲ್ಲಿ ವಿಡಿಯೊ ಫೋನು ಇನ್ನೂ ಓಡುತ್ತಲೇ ಇತ್ತು. ಹದಿನೈದು ನಿಮಿಷದ ಪಾಠ, ಆಮೇಲೆ "ಮೇಡಂ? ಮೇಡಂ, ಇದೀರಾ?" ಎಂದು ಐದಾರು ಸಲ, ಆಮೇಲೆ ಖಾಲಿ ಕುರ್ಚಿ. ಪೋರ್ಟಲ್ ತೆರೆದರೆ ಅವಧಿ ಮುಗಿದಿದೆ ಎಂಬ ಸಾಲು ಬಿಟ್ಟು ಬೇರೇನೂ ಇರಲಿಲ್ಲ. ಪಾವಗಡದ ಮೇಡಂ ನನಗಾಗಿ ಕಾಯದೆ ಹೇಗೋ ಕ್ಯಾಮೆರಾ ನಿಲ್ಲಿಸಿ, ಫೋನಿನಲ್ಲಿ ತಮ್ಮ ಅತ್ತೆಯಿಂದ ಊಁ ಅನ್ನಿಸಿಕೊಂಡು ಮುಗಿಸಿದ್ದರು, ಅದು ಸ್ವೀಕೃತವೂ ಆಗಿತ್ತು.

ಮೇಲ್ಮನವಿಗೆ ಒಂದು ನಮೂನೆ ಇದೆ. ತಡವಾದದ್ದಕ್ಕೆ ಅದರಲ್ಲಿ ನಾಲ್ಕು ಕಾರಣ ಕೊಟ್ಟಿದ್ದಾರೆ: ವಿದ್ಯುತ್, ನೆಟ್‌ವರ್ಕ್, ಸ್ವಂತ ಅನಾರೋಗ್ಯ, ಕುಟುಂಬದಲ್ಲಿ ಸಾವು. ನೆಟ್‌ವರ್ಕ್ ಎಂದು ಹಾಕಿ ಮೇಷ್ಟ್ರೇ ಎಂದೆ. "ಕಾಲೇಜ್ನಾಗೆ ನೆಟ್‌ವರ್ಕ್ ಚೆನ್ನಾಗೇ ಇತ್ತಲ್ಲ ಮೇಡಂ" ಎಂದು ಅವರು ಯಾವುದನ್ನೂ ಗುರುತು ಮಾಡಲಿಲ್ಲ. ನಾನೇ ನಡೆದದ್ದನ್ನೆಲ್ಲ ಎರಡು ಪುಟ ಬರೆದುಕೊಂಡು ವಿಶ್ವವಿದ್ಯಾಲಯಕ್ಕೆ ಹೋದೆ. ವಿಭಾಗದ ಅಧೀಕ್ಷಕರು ಕೆಟ್ಟವರಲ್ಲ. ಎರಡು ಸಲ ಓದಿದರು, ಕನ್ನಡಕ ತೆಗೆದರು.

"ಮೇಡಂ, ನಿಮಗೇನೂ ಆಗಿರಲಿಲ್ಲವಲ್ಲ?"

"ಇಲ್ಲ ಸಾರ್."

"ಅದೇ ತೊಂದರೆ ನೋಡಿ. ಒಂದು ತರಚು ಗಾಯವಾದರೂ ಆಗಿದ್ದು, ಡಾಕ್ಟರ ಚೀಟಿ ಇದ್ದಿದ್ದರೆ ಮಾನವೀಯ ಆಧಾರದ ಮೇಲೆ ಹಾಕಬಹುದಿತ್ತು. ನಿಮಗೇನೂ ಆಗಿಲ್ಲ ಅಂದಮೇಲೆ ಅವರು ಪಾಠ ಬಿಟ್ಟು ಹೋಗಿದ್ದಕ್ಕೆ ಕಾರಣವೇ ಇಲ್ಲವಲ್ಲ?"

ಮನೆಗೆ ಬಂದು ಕನ್ನಡಿ ಮುಂದೆ ನಿಂತು ಮೊಣಕೈ, ಮಂಡಿ ಎಲ್ಲ ನೋಡಿಕೊಂಡೆ. ಐವತ್ತೆರಡು ವರ್ಷದ ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ತಿಂಗಳಾದ ಮೇಲೆ ಪಟ್ಟಿ ಬಂತು, ಮೇಷ್ಟ್ರ ಹೆಸರು ಇರಲಿಲ್ಲ. ಅದೇ ವಾರ ಶ್ರವಣ ಪ್ರತಿಸ್ಪಂದನ ವ್ಯವಸ್ಥೆಗಾಗಿ ನನಗೊಂದು ಪ್ರಶಂಸಾ ಪತ್ರ ಬಂತು. ಮಧುಗಿರಿ ಬಸ್‌ಸ್ಟ್ಯಾಂಡಿನಿಂದ ಅವರಿಗೆ ಫೋನ್ ಮಾಡಿದೆ. ಅಣ್ಣನ ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುತ್ತಿದ್ದರಂತೆ, ಹಿಂದೆ ಮರಿಗಳ ಗಲಾಟೆ ಕೇಳುತ್ತಿತ್ತು. ಪಟ್ಟಿಯ ವಿಷಯ ಹೇಳಿದೆ. ಗಾಯ, ಚೀಟಿ ಎಂದು ಅಧೀಕ್ಷಕರು ಆಡಿದ್ದನ್ನೂ ಸಿಟ್ಟಿನಲ್ಲಿ ಒಂದೂ ಬಿಡದೆ ಹೇಳಿದೆ. ನನ್ನಿಂದ ನಿಮ್ಮ ಕೆಲಸ ಹೋಯಿತು ಮೇಷ್ಟ್ರೇ ಎಂದೆ.

"ಹೋಗ್ಲಿ ಬುಡಿ ಮೇಡಂ" ಎಂದರು. "ನಿಮ್ಗೇನೂ ಆಗಿರ್ಲಿಲ್ವಲ್ಲ."